ಮೀಸೆ ಭತ್ತದ ಸಂಬಂಧ

ಲೈಬಾಗೆ ಬೇಕಾಗಿದ್ದದ್ದು ಹನ್ನೆರಡೇ ದಿನ. ಕೆ.ಆರ್. ಪುರಂ ದಾಟಿದ ಮೇಲೆ, ಎರಡು ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ, ಬಿಲ್ಡರುಗಳ ಕಣ್ಣು ತಪ್ಪಿಸಿಕೊಂಡು ಉಳಿದ ಮುಕ್ಕಾಲು ಎಕರೆ ಗದ್ದೆ ಯಶೋದಮ್ಮನದು. ಅದರ ಅಂಚಿನ ಕಾಲುವೆಯಲ್ಲಿ ಕಾಡುಭತ್ತ ತಾನಾಗಿ ಹುಟ್ಟಿ ತೆನೆ ಬಿಟ್ಟಿತ್ತು. ಆ ತೆನೆಗಳು ಇನ್ನು ಹನ್ನೆರಡು ದಿನ ಯಾರ ಕೈಗೂ ಸಿಗದೆ ನಿಂತುಬಿಟ್ಟರೆ ಅವಳ ಮೂರು ವರ್ಷದ ಕೆಲಸ ದಡ ಸೇರುತ್ತಿತ್ತು.

ಲೈಬಾ ಸಸ್ಯವಿಜ್ಞಾನಿ. ಅವಳ ಕೆಲಸಕ್ಕೆ ಸಂಸ್ಥೆಯ ಕಾಗದಗಳಲ್ಲಿ ಮೂರು ಸಾಲಿನ ಹೆಸರಿತ್ತು. ಯಶೋದಮ್ಮ ಕೇಳಿದಾಗ ಅವಳು ಅಷ್ಟುದ್ದ ಹೋಗಲಿಲ್ಲ.

"ಗದ್ದೆ ಭತ್ತಕ್ಕೂ ಕಾಲುವೆ ಭತ್ತಕ್ಕೂ ಹೋಗೋದು ಬರೋದು ಎಷ್ಟಿದೆ ಅಂತ ನೋಡ್ತಿದೀನಿ, ಅಮ್ಮಾ."

"ಕೊಟ್ಟು ತರೋ ಸಂಬಂಧ ಅನ್ನು."

"ಅದೇ. ಬೆಳಗ್ಗೆ ಹತ್ತೂವರೆ ಹೊತ್ಗೆ ಹೂ ಬಿಚ್ಚುತ್ತೆ, ಹನ್ನೆರಡಕ್ಕೆಲ್ಲ ಬಾಗಿಲು ಹಾಕ್ಕೊಳ್ಳುತ್ತೆ. ಅಷ್ಟರಲ್ಲಿ ಗಾಳಿ ಮೇಲೆ ಪರಾಗ ದಾಟ್ಬೇಕು. ನೂರರಲ್ಲಿ ಒಂದೂ ದಾಟಲ್ಲ."

"ಒಂದೂವರೆ ಗಂಟೇಲಿ ಗಂಡು ನೋಡಿ, ಒಪ್ಪಿ, ಲಗ್ನಾನೂ ಮುಗೀತಾ? ನನ್ ತಂಗಿ ಮಗಳಿಗೆ ಆರು ವರ್ಸದಿಂದ ನೋಡ್ತಾನೇ ಅವ್ರೆ!"

ಯಶೋದಮ್ಮನ ಭತ್ತದ ಕಾಂಡ ನೇರಳೆ ಬಣ್ಣದ್ದು. ಕಾಲುವೆಯದ್ದು ಹಸಿರು ಕಾಂಡ, ಕಾಳಿನ ತುದಿಗೆ ಬೆರಳುದ್ದದ ಮೀಸೆ. ಕಾಲುವೆಯ ಕಾಳು ತಂದು ಬಿತ್ತಿದಾಗ ನೇರಳೆ ಸಸಿ ಎದ್ದರೆ ಅದರ ಅಪ್ಪ ಯಾರೆಂದು ಯಾವ ಪಂಚಾಯ್ತಿಯೂ ಕೂರಬೇಕಿಲ್ಲ. ತೊಡಕು ಒಂದೇ. ಕಾಡುಭತ್ತಕ್ಕೆ ತಾಳ್ಮೆಯಿಲ್ಲ. ಮಾಗಿದ ಕಾಳನ್ನು ಅದು ಅವತ್ತೇ ನೀರಿಗೆ ಉದುರಿಸಿಬಿಡುತ್ತದೆ. ಹಿಡಿಯಬೇಕಾದರೆ ಪ್ರತಿ ತೆನೆಗೂ ತೆಳುವಾದ ಕಾಗದದ ಚೀಲ ತೊಡಿಸಬೇಕು. ಸಂಸ್ಥೆಯಿಂದ ಚೀಲ ಬರಬೇಕಾದರೆ ನಾಲ್ಕು ಸಹಿ ಬೇಕಿತ್ತು. ಮೂರನೆಯವರು ರಜೆಯಲ್ಲಿದ್ದರು.

ಶಿವಾಜಿನಗರದಲ್ಲಿ ಲೈಬಾಳ ಅಪ್ಪ ರಹೀಂ ಸಾಹೇಬರದು ಲಗ್ನಪತ್ರಿಕೆಯ ಪ್ರೆಸ್ಸು. ಎಲ್ಲರ ಮದುವೆಯೂ ಅಲ್ಲಿ ಒಂದೇ ಮೆಷಿನ್ನಿನ ಹೊಟ್ಟೆಯಿಂದ ಹೊರಬರಬೇಕು. ಪತ್ರಿಕೆಯೊಳಗೆ ಇಡುವ ಬಟರ್ ಪೇಪರಿನಲ್ಲಿ ತಪ್ಪು ಅಚ್ಚಾದ ಹಾಳೆಗಳು ಅಟ್ಟದ ತುಂಬ ಇದ್ದವು.

"ತಗೋ ಬೇಟಾ," ಅಂದರು ರಹೀಂ. "ಮನುಷ್ಯರ ಶಾದಿಗೆ ಬರಲಿಲ್ಲ, ಭತ್ತದ ಶಾದಿಗಾದ್ರೂ ಬರಲಿ."

ಎರಡು ಅರ್ಧ ಹಾಳೆ ಅಂಟಿಸಿದರೆ ಒಂದು ಚೀಲ. ಇನ್ನೂರ ಹದಿನಾಲ್ಕು ಚೀಲವಾದವು. ಪ್ರತಿಯೊಂದರ ಮೇಲೂ ಲೈಬಾ ಪೆನ್ಸಿಲ್ಲಿನಲ್ಲಿ 'ತಾಯಿ 1', 'ತಾಯಿ 2' ಅಂತ ಗಿಡದ ಗುರುತು ಬರೆದು, ಹೂ ಮುಗಿದ ತೆನೆಗಳಿಗೆ ತೊಡಿಸಿದಳು. ಅಚ್ಚಿನ ಅಕ್ಷರದ ಮೇಲೆ ಅವಳ ಗಮನವೇ ಹೋಗಲಿಲ್ಲ.

ಹೋದದ್ದು ಅಂಜನಮೂರ್ತಿಯ ಗಮನ. ಆತ ಇಂದಿರಾನಗರದ 'ಪರಿಶುದ್ಧ ಬೀಜ ಬಳಗ'ದ ಕಾರ್ಯದರ್ಶಿ. ಎರಡು ವರ್ಷದಿಂದ ಯಶೋದಮ್ಮನ ಭತ್ತವನ್ನೆಲ್ಲ ಕೊಳ್ಳುತ್ತಿದ್ದದ್ದು ಬಳಗವೇ. ಗುರುವಾರ ಕಾರಿಳಿದು ಬಂದವನು ಕಾಲುವೆ ಕಡೆ ನೋಡಿ ಮುಖ ಸಿಂಡರಿಸಿದ.

"ಭಾನುವಾರ ನಮ್ಮ ದಾನಿಗಳು ಗದ್ದೆ ನೋಡೋಕೆ ಬರ್ತಾರೆ, ಯಶೋದಮ್ಮ. ಈ ಮೀಸೆ ಕಳೆ ಒಂದೂ ಇರ್ಬಾರ್ದು. ಕುಲಗೆಡಿಸುತ್ತೆ."

"ನೋಡಾನ," ಅಂದಳು ಯಶೋದಮ್ಮ. ಅವಳ 'ನೋಡಾನ' ಎಂಬ ಮಾತಿಗೆ ಹೌದು, ಇಲ್ಲ, ಹೋಗಾಚೆ ಎಂಬ ಮೂರೂ ಅರ್ಥ ಉಂಟು. ಈಗಿನದು ಯಾವುದು ಅಂತ ಲೈಬಾಗೆ ತಿಳಿಯಲಿಲ್ಲ. ಬೆಳೆಯಷ್ಟನ್ನೂ ಕೊಳ್ಳುವವನ ಎದುರು ತಾನು, ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ಲು. ಗೆಲ್ಲುವ ಜೋಡಿಯಲ್ಲ.

ಅಂಜನಮೂರ್ತಿ ಹೊರಡುವ ಮುಂಚೆ ಬಗ್ಗಿ ಚೀಲವೊಂದನ್ನು ಓದಿದ. ಅರ್ಧ ಹಾಳೆಯಲ್ಲಿ 'ಚಿ. ಲಕ್ಷ್ಮಿಕಾಂತ'. ಅದಕ್ಕಂಟಿದ ಇನ್ನರ್ಧದಲ್ಲಿ 'ಶಿರೀನ್'. ಕೆಳಗೆ ಪೆನ್ಸಿಲ್ಲಿನಲ್ಲಿ 'ತಾಯಿ 14'. ಎರಡು ಸಲ ಓದಿದ. ಫೋಟೊ ತೆಗೆದ. ಕಾರು ಹತ್ತಿದ.

ಭಾನುವಾರ ಬೆಳಗ್ಗೆ ಹತ್ತಕ್ಕೆ ದಾನಿಗಳು ಬಂದರು, ಬಿಳಿ ಟೋಪಿ, ನೀರಿನ ಬಾಟಲಿ ಸಮೇತ. ಅವರ ಹಿಂದೆಯೇ ಎರಡು ಬೈಕಿನಲ್ಲಿ ಹೆಗಲಿಗೆ ಶಾಲು ಹೊದ್ದ ನಾಲ್ವರು ಇಳಿದರು. ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಸುತ್ತಾಡಿ, ಕಾಲುವೆಯ ಪಕ್ಕ ಗುಟ್ಟಾಗಿ ಮದುವೆ ನಡೆಯುತ್ತಿದೆ, ತಾಯಂದಿರು ಹದಿನಾಲ್ಕು ಮಂದಿ ಶಾಮೀಲು ಅನ್ನುವ ಮಟ್ಟಕ್ಕೆ ಬೆಳೆದಿತ್ತು.

"ಎಲ್ರೀ ಲಕ್ಷ್ಮಿಕಾಂತ?" ಮುಂದಿನವನು ಗದರಿದ.

ಯಶೋದಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಅಗೋ, ನೀರಲ್ಲಿ ನಿಂತವ್ನೆ."

"ಆ ಹುಡುಗಿ?"

"ಅವ್ನ ಜೊತೇಲೇ ಅವ್ಳೆ. ತಲೆ ಬಗ್ಸವ್ರೆ ನೋಡು, ನಾಚ್ಕೆ."

ಅವನು ಆವೇಶದಲ್ಲಿ ಕಾಲುವೆಗೆ ಕಾಲಿಟ್ಟ. ಕೆಸರು ಮೊಣಕಾಲಿನವರೆಗೆ ಬಾಚಿ ತಬ್ಬಿಕೊಂಡಿತು. ಚೀಲ ಹಿಡಿದು ಒಳಗಿಣುಕಿದ. ಮೀಸೆ ಕಣ್ಣಿಗೆ ಚುಚ್ಚಿತು.

"ಗುರು, ಇದು ಹುಲ್ಲು ಕಣೋ!"

"ಹುಲ್ಲಿಗೆ ಯಾರೋ ಲಗ್ನಪತ್ರಿಕೆ ಹಾಕ್ತಾರೆ?" ದಡದ ಮೇಲಿನವನು ಕೇಳಿದ.

"ನೀನೇ ಬಂದ್ ನೋಡ್ಕೋ ಮಗಾ. ಬರ್ತಾ ನನ್ ಶೂ ಹುಡ್ಕು, ಒಳಗೇ ಉಳ್ಕೊಂಡ್ಬಿಡ್ತು."

ದಾನಿಗಳಲ್ಲಿ ಯಾರೋ ಕಿಸಕ್ಕೆಂದರು. ನಗು ತನ್ನ ಕಡೆ ತಿರುಗುವ ಮುಂಚೆ ಅಂಜನಮೂರ್ತಿ ಗಂಟಲು ಏರಿಸಿದ. "ಮದುವೆಯೋ ಮಣ್ಣೋ, ಅದು ಕಳೆ! ನಮ್ಮ ಶುದ್ಧ ತಳಿಯನ್ನ ಹಾಳು ಮಾಡೋ ಕಳೆ. ನಿಂತಿರೋದ್ ಯಾಕೆ, ಕಿತ್ತು ಬಿಸಾಕಿ!"

ಕೆಸರಿನಲ್ಲಿದ್ದವನಿಗೆ ಕಡೆಗೂ ತನ್ನಿಂದಾಗುವ ಕೆಲಸವೊಂದು ಸಿಕ್ಕಿತು. ಬುಡಕ್ಕೆ ಕೈ ಹಾಕಿದ.

"ಕೀಳೋದಾದ್ರೆ ಗದ್ದೇನೂ ಕೀಳಿ!" ಲೈಬಾಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಹೋದ ವರ್ಷ ಕಾಲುವೆಯ ಕಾಳು ಎರಡು ಸಾವಿರ ಬಿತ್ತಿದೀನಿ. ಹದಿನೇಳು ಸಸಿ ನೇರಳೆ. ಅಪ್ಪ ಗದ್ದೆಯೋನು. ಗದ್ದೆಯ ಭತ್ತದಲ್ಲೂ ಹುಡುಕಿದೆ, ಕಾಲುವೆಯ ಗುರುತು ಸಿಕ್ಕಿದೆ. ತುಂಬ ಹಳೇದು. ಮಳೆ ಜೋರಾದ ವರ್ಷ ಈ ಭತ್ತ ನೀರಲ್ಲಿ ಕೊಳೆಯದೆ ನಿಲ್ಲೋದು ಯಾರ ಉಪಕಾರವೋ ಏನೋ, ಅದನ್ನೇ ನೋಡ್ಬೇಕು ಅಂತಿದೀನಿ. ಇಲ್ಲಿ ಶುದ್ಧ ಅನ್ನೋದು ಒಂದು ಎಲೆಯೂ ಇಲ್ಲ ಸರ್."

ಹೇಳಿ ಮುಗಿಸಿ ತಿರುಗಿ ನೋಡಿದಳು. ದಾನಿಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕಾಲುವೆ ಉಳಿಸಲು ಹೋಗಿ ಯಶೋದಮ್ಮನ ಗಿರಾಕಿಯನ್ನೇ ಓಡಿಸಿಬಿಟ್ಟೆನೇ?

"ಮೇಡಂ, ತೊಂಬತ್ತೊಂಬತ್ತು ಪರ್ಸೆಂಟ್ ಶುದ್ಧ ಅಂತಾದ್ರೂ ಹೇಳ್ಬಿಡಿ," ಅಂಜನಮೂರ್ತಿ ಹಲ್ಲು ಕಚ್ಚಿ ಪಿಸುಗುಟ್ಟಿದ. "ಅಕ್ಕಿಚೀಲ ಅಚ್ಚಾಗಿ ಬಂದಾಗಿದೆ."

ದಾನಿಯೊಬ್ಬರ ಕೈಯಲ್ಲಿ ಆ ಹೊಸ ಅಕ್ಕಿಚೀಲವಿತ್ತು. ಯಶೋದಮ್ಮ ಅದನ್ನು ಇಸಕೊಂಡು ಲೈಬಾಳ ಕಡೆ ಚಾಚಿದಳು. "ಕನ್ನಡಕ ತಂದಿಲ್ಲ. ಏನ್ ಬರ್ದವ್ರೆ, ಓದು."

"ಯಾರೂ ಮುಟ್ಟದ ಭತ್ತ," ಲೈಬಾ ಓದಿದಳು.

"ಇನ್ನೊಂದ್ಸಲ."

"ಯಾರೂ ಮುಟ್ಟದ ಭತ್ತ."

ಯಶೋದಮ್ಮ ಚೀಲವನ್ನು ನೆಟ್ಟಗೆ ಮಡಿಸಿದಳು. "ಪೈರು ಕಿತ್ತಿದ್ದು ನಾನು. ನಾಟಿ ಹಾಕಿದ್ದು ನಾನು. ಒಂದೊಂದು ಬುಡಕ್ಕೂ ಸೊಂಟ ಬಗ್ಸಿವ್ನಿ. ಅಂಗಾದ್ರೆ ನಾನು ಯಾರೂ ಅಲ್ವಾ, ಸ್ವಾಮಿ?"

"ಅಯ್ಯೋ, ಅದರ ಅರ್ಥ ಹಾಗಲ್ಲ..."

"ಅರ್ಥ ನಮಗೆ ಹೇಳ್ಕೊಡ್ತೀರಾ? ನಮ್ಮಪ್ಪನ್ನ ಊರೋರು ಮುಟ್ಟಿಸ್ಕೊಳ್ತಿರ್ಲಿಲ್ಲ. ಅವ್ನು ಬೆಳ್ದಿದ್ದನ್ನ ಮಾತ್ರ ಚೆನ್ನಾಗಿ ಉಂಡ್ರು. ಈಗ ನೀವು ಅದನ್ನೇ ಬಣ್ಣದ ಅಕ್ಷರದಲ್ಲಿ ಅಚ್ಚು ಹಾಕ್ಸಿ ಮಾರ್ತೀರಾ? ಮುಟ್ಟಿವ್ನಿ ಅಂತ ಬರೀರಿ! ಯಶೋದಮ್ಮ ಮುಟ್ಟಿದ ಭತ್ತ! ಕಾಲುವೇದೂ ಮುಟ್ಟಿರೋ ಭತ್ತ!" ಕೆಸರಿನಲ್ಲಿದ್ದವನತ್ತ ತಿರುಗಿದಳು. "ಏ, ಕೈ ತೆಗಿ. ಮೇಲ್ ಬಾ. ನಿಮ್ಮವ್ವ ಕಾಯ್ತಿರ್ತಾಳೆ."

ಅವನು ಕೈ ತೆಗೆದ. ಮೇಲೆ ಬರಲು ಮಾತ್ರ ಆಗಲಿಲ್ಲ. ಕಡೆಗೆ ಅವನ ಎರಡು ರಟ್ಟೆ ಹಿಡಿದು ಎಳೆದದ್ದು ಲೈಬಾ ಮತ್ತು ಯಶೋದಮ್ಮ. ಗೆಳೆಯರು ವಿಡಿಯೊ ಮಾಡುತ್ತಿದ್ದರು.

"ಹಾಗಾದ್ರೆ ಈ ಸಲ ನಿಮ್ಮ ಭತ್ತ ನಮಗೆ ಬೇಡ," ಅಂದ ಅಂಜನಮೂರ್ತಿ.

"ಉಣ್ಣೋರಿಗೇನ್ ಬರವಾ? ನಡೀರಿ, ಬದ ತುಳೀಬ್ಯಾಡಿ."

ಅವರು ಹೋದ ಮೇಲೆ ಲೈಬಾ ಬದುವಿನ ಮೇಲೆ ಕೂತಳು. "ನನ್ನಿಂದ ನಿಮಗೆ ನಷ್ಟ ಆಯ್ತು, ಅಮ್ಮಾ."

"ನಿನ್ನಿಂದ ಅಂತ ಯಾವಳಂದ್ಳು? ನಾನ್ ಓಡ್ಸಿದ್ದು. ಆ ಹೆಸ್ರನ್ನೂ ನೀನೇ ಹೊಡ್ಕೊಬ್ಯಾಡ."

ಹನ್ನೆರಡನೇ ದಿನ ಇಬ್ಬರೂ ಕಾಲುವೆಗೆ ಇಳಿದು ಚೀಲ ಬಿಡಿಸಿದರು. ಅಷ್ಟೂ ಇದ್ದವು. ಲೈಬಾ ಒಂದೊಂದನ್ನೂ ಅಲುಗಿಸಿ, ಒಳಗೆ ಕಾಳು ಉರುಳುವ ಸದ್ದು ಕೇಳಿ, ಪೆಟ್ಟಿಗೆಗೆ ಇಳಿಸುತ್ತಿದ್ದಳು. ಯಶೋದಮ್ಮ ಒಂದು ಚೀಲದ ಬಾಯಿ ಬಿಚ್ಚಿ ಚಿಟಿಕೆ ಕಾಳು ತೆಗೆದಳು.

"ಬೇಡ ಅಮ್ಮಾ! ಒಂದೊಂದು ಕಾಳೂ ಲೆಕ್ಕಕ್ಕೆ ಬರಬೇಕು!"

"ಎಲ್ಲಾನೂ ನೀನ್ ಹೊತ್ಕೊಂಡೋದ್ರೆ ಬರೋ ವರ್ಸ ಇಲ್ಲಿ ಯಾರ್ ಹುಟ್ತಾರೆ?" ಅನ್ನುತ್ತಲೇ ನೀರಿಗೆ ಎರಚಿದಳು.

ನೀರಿಗೆ ಬಿದ್ದ ಕಾಳನ್ನು ಲೈಬಾ ಎಣಿಸಿದಳು. ಬೈಯಬೇಕೋ ನಗಬೇಕೋ ತೋಚಲಿಲ್ಲ. ಆಮೇಲೆ ಪುಸ್ತಕ ತೆಗೆದು ಬರೆದಳು: 'ತಾಯಿ 31. ಏಳು ಕಾಳು ಕಾಲುವೆಗೆ ವಾಪಸ್.' ಪಕ್ಕದಲ್ಲಿ 'ಕಾರಣ' ಅನ್ನುವ ಮನೆ ಖಾಲಿಯಿತ್ತು. ಸ್ವಲ್ಪ ಯೋಚಿಸಿ, ಅದರಲ್ಲಿ 'ಯಶೋದಮ್ಮ' ಅಂತ ತುಂಬಿದಳು.