ಅಟ್ಟದ ಕಾಯಿ

ಹುಳಿಯಾರಿನ ಟೈಲರ್ ಖುದ್ದೂಸ್‌ನ ಮಗಳು ಶಬೀನಾ, ನಿವೃತ್ತ ಮೇಷ್ಟ್ರು ಶ್ರೀರಂಗಯ್ಯ ಇಬ್ಬರೂ ಮಕ್ಕಳ ಸಮಿತಿಯೊಂದಕ್ಕೆ ಸಂಬಳವಿಲ್ಲದೆ ಕೆಲಸ ಮಾಡುತ್ತಿದ್ದರು. ಮಕ್ಕಳಿಗೆ ಹೊಡೆಯುವ, ಹೊಟ್ಟೆಗೆ ಹಾಕದ ಮನೆಗಳಿಗೆ ಹೋಗಿ ನೋಡಿ ಬರುವುದು ಅವರ ಪಾಲಿನ ಕೆಲಸ. ಮಗುವನ್ನು ಕಣ್ಣಾರೆ ಕಂಡೆವೆಂದರೆ ಮಾತ್ರ ಠಾಣೆಯಿಂದ ಜೀಪು ಬರುತ್ತಿತ್ತು.

ಕೆಂಕೆರೆ ಆಚೆಯ ಹಟ್ಟಿಯಲ್ಲಿ ಸಿದ್ದಕ್ಕ ತನ್ನ ಸತ್ತ ತಂಗಿಯ ಮಗಳು ಭಾಗ್ಯಳಿಗೆ ಬರೆ ಹಾಕಿದ್ದಾಳೆಂದು ಅಕ್ಕಪಕ್ಕದವರು ತಿಳಿಸಿದ್ದರು. ಹಿಂದೊಮ್ಮೆ ಹೋದಾಗ ಹುಡುಗಿ ಸಿಕ್ಕಿರಲಿಲ್ಲ. ಈ ಸಲವೂ ಸಿಗದಿದ್ದರೆ ಸಮಿತಿ ಆ ಮನೆಯನ್ನು ಕೈಬಿಡುವುದರಲ್ಲಿತ್ತು.

“ನೊಣವಿನಕೆರೆಗೆ ಹೋಗವ್ಳೆ ಕಣ್ರೀ, ಅವ್ರಜ್ಜಿ ಮನೆಗೆ,” ಎಂದಳು ಸಿದ್ದಕ್ಕ.

“ಹೋದ್ಸಲಾನೂ ಹಂಗೇ ಅಂದ್ರಿ,” ಎಂದಳು ಶಬೀನಾ.

“ಹೋದೋಳು ಬಂದೇ ಇಲ್ಲ. ನಿಂಗೇನವ್ವ, ಮದ್ವೆ ಗಿದ್ವೆ ಆಗಿಲ್ವಾ? ಕಂಡೋರ ಮಕ್ಕಳ್ನ ಹುಡುಕ್ಕೊಂಡು ತಿರುಗ್ತೀಯ.”

ಸಿದ್ದಕ್ಕ ಕೊಟ್ಟ ಮಜ್ಜಿಗೆ ಕುಡಿದು ಶ್ರೀರಂಗಯ್ಯ ತೆಂಗಿನ ಮಾತಿಗೆ ಇಳಿದರು. ಅವರಿಗೂ ತೋಟವಿತ್ತು. ಕೊಬ್ಬರಿಗೆಂದು ಕಾಯಿ ಒಣಹಾಕಿದ ಅಟ್ಟ ಯಾರ ಮನೆಯಲ್ಲಿ ಕಂಡರೂ ವಿಚಾರಿಸದೆ ಏಳುವವರಲ್ಲ. ಶಬೀನಾಳಿಗೆ ಮೈ ಉರಿಯಿತು.

“ಮೇಲಿರೋದು ಹೋದೊರ್ಷದ ಕಾಯಾ, ಸಿದ್ದಕ್ಕ?”

“ಹೂಂ, ಒಣಗಿ ಕೊಬ್ಬರಿ ಆಗೈತೆ ಕಣ್ ಮೇಷ್ಟ್ರೇ.”

“ಆಗಿರಲ್ಲ ಬುಡು. ನಮ್ದೇ ಇನ್ನೂ ಹಸಿ ಐತೆ.”

“ನಿಮ್ಮನೇಲಿ ಗ್ಯಾಸು. ನಮ್ದು ದಿನಾ ಸೌದೆ ಒಲೆ, ಹೊಗೆ ಕಾಯ್ಗೇ ತಾಗ್ತೈತೆ. ಬೇಕಾರೆ ಕಿವಿ ಹತ್ರ ಅಲ್ಲಾಡ್ಸಿ ನೋಡ್ರಿ, ಲೊಟಲೊಟ ಅಂತೈತೆ!”

ಕೊಬ್ಬರಿ ವ್ಯಾಪಾರಿಗಳು ಬಂದಾಗಲೆಲ್ಲ ಕೂಗುವ ಹಾಗೆಯೇ ಸಿದ್ದಕ್ಕ ಅಟ್ಟದ ಕಡೆ ಕತ್ತೆತ್ತಿ ಕೂಗಿದಳು: “ಲೇ ಭಾಗ್ಯ, ಒಂದ್ ಕಾಯಿ ಬಿಸಾಕೇ!”

ಕಾಯಿ ಬಿತ್ತು. ಉರುಳಿಕೊಂಡು ಬಂದು ಶಬೀನಾಳ ಕಾಲಿಗೆ ತಾಗಿ ನಿಂತಿತು. ಸಿದ್ದಕ್ಕನ ಬಾಯಿ ತೆರೆದೇ ಇತ್ತು.

ಏಣಿಯನ್ನು ಹಿತ್ತಲಿನಲ್ಲಿ ಇಟ್ಟಿದ್ದರು. ಶಬೀನಾ ತಂದು ಹತ್ತಿದಳು. ಕಾಯಿ ರಾಶಿಯ ಮೇಲೆ, ಹೊಗೆಯಲ್ಲಿ, ಎಂಟೊಂಬತ್ತು ವರ್ಷದ ಹುಡುಗಿ ಕೂತಿತ್ತು. ತೋಳಿನಲ್ಲಿ ಬರೆಗಳು. ಒಂದು ಕೀವಾಗಿತ್ತು.

“ಇಳಿಯವ್ವ.”

“ಇಲಿ ಬರ್ದಂಗೆ ಕಾಯ್ಬೇಕು. ಇಳಿದ್ರೆ ದೊಡ್ಡವ್ವ ಹೊಡೀತಾಳೆ.”

“ಇವತ್ತು ಹೊಡಿಯಲ್ಲ.”

“ನಾಳೆ?”

ಶಬೀನಾ ಅವಳತ್ತ ಕೈ ಚಾಚಿದಳು. ಕೈಹಿಡಿದು ಇಳಿಸಿಕೊಂಡಳು. ಶ್ರೀರಂಗಯ್ಯ ಬಾಗಿಲಿಗೆ ಅಡ್ಡ ಕೂತರು. ಶಬೀನಾ ಹೋಗಿ ಹಟ್ಟಿಯ ಅಂಗಡಿಯ ಕಾಯಿನ್ ಬೂತಿನಿಂದ ಠಾಣೆಗೆ ಫೋನ್ ಮಾಡಿದಳು.

ಜೀಪು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಭಾಗ್ಯ ಕೆಳಗೆ ಬಿದ್ದಿದ್ದ ಕಾಯಿಯನ್ನು ಎತ್ತಿಕೊಂಡೇ ಜೀಪು ಹತ್ತಿದಳು.

“ಆ ಕಾಯಿ ಇಟ್ಟೋಗೇ,” ಎಂದಳು ಸಿದ್ದಕ್ಕ.

ಹುಡುಗಿ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿತು.

“ಇನ್ನೂ ಕೊಬ್ಬರಿ ಆಗಿಲ್ಲ,” ಎಂದು ಅಂಗಳಕ್ಕೆ ಎಸೆಯಿತು.