ಅಕ್ಕನ ಉತ್ತರ

ಹೊಲಿಗೆ ಕಾರ್ಖಾನೆ ಮುಚ್ಚಿದ ಮೇಲೆ ಆ ಮನೆಯ ಇಬ್ಬರು ಸೊಸೆಯರೂ ಒಟ್ಟಿಗೇ ಕೆಲಸ ಕಳೆದುಕೊಂಡರು. ಕೆಲಸ ಕೇಳಿಕೊಂಡು ಹೋದಲ್ಲೆಲ್ಲ 'ತಿಳಿಸುತ್ತೇವೆ' ಎನ್ನುತ್ತಿದ್ದರು, ಯಾರೂ ತಿಳಿಸುತ್ತಿರಲಿಲ್ಲ. ಹಿರಿಯವಳ ಕೈ ಚುರುಕು, ಬಾಯಿ ಮಂದ. ನಾಲ್ಕು ಜನ ಎದುರಿಗೆ ಕೂತರೆ ನಾಲಿಗೆಯೇ ಹೊರಳದು. ಕಿರಿಯವಳಾದರೋ ಅರಳು ಹುರಿದಂತೆ ಮಾತಾಡುವವಳು. ಓರಗಿತ್ತಿಗೆ ತಾನೇ ಸಂದರ್ಶನದ ಪಾಠ ಹೇಳಲು ನಿಂತಳು.

ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯೇ ಆಫೀಸು. ಕಿರಿಯವಳು ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುವಳು.

"ಹೇಳೀಮ್ಮಾ, ಕೆಲಸದಲ್ಲಿ ಕಷ್ಟ ಬಂದಾಗ ಏನ್ಮಾಡಿದ್ರಿ?"

"ಏನ್ಮಾಡೋದು, ಹೊಲಿದೆ."

"ಅಯ್ಯೋ ಅಕ್ಕಾ! ಹಿಂಗಂದ್ರೆ ಕೆಲ್ಸ ಅಲ್ಲ, ಕುಡಿಯೋಕೆ ನೀರೂ ಕೊಡಲ್ಲ. ಆ ಶಾಲೆ ಅಂಗಿ ವಿಷಯ ಹೇಳು."

ಆ ವಿಷಯ ಇಷ್ಟು: ಒಮ್ಮೆ ಶಾಲೆಯ ಸಮವಸ್ತ್ರಕ್ಕೆ ಬಟ್ಟೆ ಕತ್ತರಿಸುವವನು ಅಷ್ಟೂ ತೋಳುಗಳನ್ನು ಗಿಡ್ಡ ಮಾಡಿಬಿಟ್ಟಿದ್ದ. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತಾಗ, ಹಿರಿಯವಳು ಉಳಿಕೆ ಬಟ್ಟೆಯಲ್ಲೇ ತೋಳಿನ ತುದಿಗೊಂದು ಪಟ್ಟಿ ಕೊಟ್ಟು, ಒಂದಂಗಿಯೂ ಹಾಳಾಗದಂತೆ ನೋಡಿಕೊಂಡಿದ್ದಳು. ಅದನ್ನು ಅವಳ ಬಾಯಿಂದ ಹೊರಡಿಸುವುದೇ ಒಂದು ಹೆರಿಗೆ. ಎಲ್ಲಿ ತಡೆದು ನಿಲ್ಲಬೇಕು, ಎಲ್ಲಿ ನಗಬೇಕು ಎಂದು ಹೇಳಿಕೊಟ್ಟೂ ಕೊಟ್ಟೂ ಕಿರಿಯವಳಿಗೇ ಅದು ಬಾಯಿಪಾಠವಾಯಿತು.

ಹೊಸ ಗಾರ್ಮೆಂಟ್ಸ್ ಒಂದರಲ್ಲಿ ಒಂದೇ ಜಾಗ ಖಾಲಿಯಿತ್ತು. ಇಬ್ಬರನ್ನೂ ಕರೆದರು. "ನಿಂಗೆ ಸಿಕ್ಕಿದ್ರೂ ನಂಗೆ ಸಿಕ್ಕಿದ ಹಾಗೇನೇ" ಎಂದು ಹಿರಿಯವಳು ಬಸ್ಸಿನಲ್ಲಿ ಹೇಳಿದಳು.

ಕಿರಿಯವಳ ಸರದಿ ಮೊದಲು ಬಂತು. ಮ್ಯಾನೇಜರಮ್ಮ ಅದೇ ಪ್ರಶ್ನೆ ಕೇಳಿದರು. ತನ್ನದೇನಾದರೂ ಇದೆಯೇ ಎಂದು ಅವಳು ಮನಸ್ಸಿನಲ್ಲೇ ತಡಕಾಡಿದಳು. ಏನೂ ಕೈಗೆ ಹತ್ತಲಿಲ್ಲ. ಆಮೇಲೆ ಬಾಯಿ ತಾನಾಗಿ ತೆರೆಯಿತು. ತೋಳು, ಪಟ್ಟಿ, ಮೇಸ್ತ್ರಿಯ ಮುಖ, ಎಲ್ಲ ಸಲೀಸಾಗಿ ಬಂದವು. ನಗಬೇಕಾದಲ್ಲಿ ನಕ್ಕಳು ಕೂಡ. ನಡುವೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಆಮೇಲೆ ಒಳಗೆ ಹೋದ ಹಿರಿಯವಳು ಬೇಗನೇ ಹೊರಬಂದಳು.

"ಏನಂದ್ರು ಅಕ್ಕಾ?"

"ಅಂಗಿ ವಿಷಯ ಶುರು ಮಾಡ್ತಿದ್ದ ಹಾಗೇ ನಕ್ಕುಬಿಟ್ರು. 'ಇದನ್ನ ಈಗ ತಾನೇ ಕೇಳಿದ್ವಲ್ಲಮ್ಮಾ, ನಿಮ್ಮದೇನಾದ್ರೂ ಇದ್ರೆ ಹೇಳಿ' ಅಂದ್ರು."

ಕಿರಿಯವಳಿಗೆ ಮುಖವೆತ್ತಲಾಗಲಿಲ್ಲ. "ನೀನೇನಂದೆ?"

"ಏನನ್ಲಿ? ತಪ್ಪಾಯ್ತು ಮೇಡಂ ಅಂದು ಎದ್ದು ಬಂದೆ."

ಕೆಲಸ ಕಿರಿಯವಳಿಗೇ ಆಯಿತು. ಕರೆ ಬಂದ ದಿನ ಅತ್ತಳು. "ನಾಳೇನೇ ಹೋಗಿ ನಿಜ ಹೇಳಿಬಿಡ್ತೀನಿ ಅಕ್ಕಾ."

"ಹೇಳಿ? ಇಬ್ರೂ ಮನೇಲಿ ಕೂತು ನೊಣ ಹೊಡೆಯೋಣ್ವಾ? ಸುಮ್ನೆ ಕೆಲ್ಸಕ್ಕೆ ಹೋಗು."

ಸುಮ್ಮನೆ ಹೋದಳು. ಆ ಮಾತಿಗೆ ಅಷ್ಟು ಬೇಗ ಒಪ್ಪಿಬಿಟ್ಟೆನಲ್ಲ ಎಂಬುದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

ಹಿರಿಯವಳು ಛಲ ಬಿಡಲಿಲ್ಲ. ಇಲ್ಲವೆಂದವರ ಬಾಗಿಲು ದಾಟಿ ಇನ್ನೊಂದು ಬಾಗಿಲಿಗೆ ಹೋಗುತ್ತಲೇ ಇದ್ದಳು. ಒಂದು ಭಾನುವಾರ ಕಿರಿಯವಳು ಧೈರ್ಯ ಮಾಡಿ, "ಬಾ ಅಕ್ಕಾ, ನಾನು ಪ್ರಶ್ನೆ ಕೇಳ್ತೀನಿ" ಎಂದಳು.

"ಬೇಡ ಕಣೇ. ಒಬ್ಳೇ ಹೇಳ್ಕೋತೀನಿ."

ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಚಿಲಕ ಹಾಕಿದ್ದಿಲ್ಲ. ಒಳಗಿನಿಂದ ತಡವರಿಸುವ ದನಿ ಕೇಳಿತು. ಹೊಸದೊಂದು ಉತ್ತರ, ಯಾವುದೋ ಹಳೆಯ ಹೊಲಿಗೆ ಯಂತ್ರದ ವಿಷಯ. ನಡುವೆ ಕಡಿದುಹೋಯಿತು, ಮತ್ತೆ ಮೊದಲಿನಿಂದ ಶುರುವಾಯಿತು. ಎಲ್ಲಿ ಎಡವುತ್ತಿದ್ದಾಳೆಂದು ಕಿರಿಯವಳಿಗೆ ಗೊತ್ತಾಯಿತು. ತಿದ್ದಲು ಬಾಯಿ ತೆರೆದವಳು ಮುಚ್ಚಿಕೊಂಡು, ಒಂದು ಮಾತೂ ಕಿವಿಗೆ ಬೀಳದಷ್ಟು ದೂರಕ್ಕೆ, ಹಿತ್ತಲ ಕಡೆಗೆ ನಡೆದಳು.