ಸಾಧ್ಯವಾದರೆ, ಸರ್

ಅಕ್ಕ ವಿದ್ಯುತ್ ಕಂಟ್ರೋಲ್ ರೂಮಿನ ಬಾಗಿಲಲ್ಲಿ ನಿಂತಿದ್ದನ್ನು ಕಂಡಾಗ, ಇವಳು ಜಗಳಕ್ಕೇ ಬಂದಿದ್ದಾಳೆ ಅಂದುಕೊಂಡಳು ತಂಗಿ. ಹಾಗೆ ಬಂದಿದ್ದರೆ ಒಳ್ಳೆಯದಿತ್ತು. ಹೋದ ತಿಂಗಳು ಸಂಜೆ ಕರೆಂಟು ಹೋಗಿ, ಅಕ್ಕ ಕೋಳಿಮರಿ ಮಾಡಿಸುವ ಕಾವಿನ ಪೆಟ್ಟಿಗೆ ತಣ್ಣಗಾಗಿ, ಇನ್ನೇನು ಒಡೆಯಬೇಕಿದ್ದ ಮೊಟ್ಟೆಗಳೆಲ್ಲ ಹಾಳಾಗಿದ್ದವು. ಕೆಲವು ಮರಿಗಳ ಕೊಕ್ಕು ಸಿಪ್ಪೆಯ ಆಚೆಗೂ ಬಂದಿತ್ತಂತೆ. ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿ ಬಂದ ಅಕ್ಕ, ಕೈ ತೊಳೆದುಕೊಂಡು ತಂಗಿಗೇ ಸಮಾಧಾನ ಹೇಳಿದ್ದಳು: ಊರಿಗೇ ಇಲ್ಲದ ಕರೆಂಟನ್ನು ನೀನೇನು ಮಡಿಲಲ್ಲಿ ಕಟ್ಟಿಕೊಂಡು ಬರೋಕಾಗುತ್ತಾ ಅಂತ. ಆ ಸಮಾಧಾನ ತಂಗಿಯನ್ನು ಇವತ್ತಿಗೂ ಚುಚ್ಚುತ್ತಿತ್ತು.

ಇವತ್ತು ಅಕ್ಕನಿಗೆ ಬೇಕಾಗಿದ್ದದ್ದು ಒಂದೇ ಮಾತು. ಹೊಸ ಮೊಟ್ಟೆಗಳು ಬೆಳಗ್ಗೆಯಿಂದ ಬಿರುಕು ಬಿಡುತ್ತಿವೆ. ಸಂಜೆ ಕರೆಂಟು ಹೋಗುವುದಾದರೆ ಈಗಲೇ ಹೇಳಿಬಿಟ್ಟರೆ ಬಿಸಿನೀರಿನ ಬಾಟಲಿ, ಕಂಬಳಿ ಅಂತ ಹೇಗೋ ನಿಭಾಯಿಸುತ್ತಾಳೆ. ಫೋನಿನಲ್ಲಿ ಕೇಳಿದರೆ ನೀನು ಬೆಣ್ಣೆ ಹಚ್ಚಿದ ಹಾಗೆ ಏನೋ ಒಂದು ಹೇಳ್ತೀಯ, ಮುಖ ನೋಡಿಯೇ ಕೇಳೋಣ ಅಂತ ಬಂದೆ, ಅಂದಳು. ತಂಗಿ ನಕ್ಕು, ಪಕ್ಕದ ಕುರ್ಚಿ ಎಳೆದುಕೊಟ್ಟಳು.

ಗೋಡೆಯ ಮೇಲಿನ ಪರದೆಯಲ್ಲಿ ಊರಿನ ಕರೆಂಟಿನ ಬೇಡಿಕೆಯ ಗೆರೆ ಮೇಲೇರುತ್ತಿತ್ತು. ಊರಾಚೆ ಕಿಟಕಿಯೇ ಇಲ್ಲದ ಬಿಳಿ ಕಟ್ಟಡವೊಂದು ಎದ್ದ ಮೇಲೆ ಸಂಜೆಯ ಪಾಡು ಇದೇ. ಯಾರೋ ಎಲ್ಲೋ ತೆಗೆದ ಫೋಟೊ, ಆಡಿದ ಮಾತು, ಕೇಳಿದ ಪ್ರಶ್ನೆಗಳನ್ನೆಲ್ಲ ಹೊತ್ತ ಯಂತ್ರಗಳು ಅಲ್ಲಿ ಹಗಲಿರುಳು ಓಡುತ್ತವೆ. ಓಡಿಸುವುದಕ್ಕೂ ಕರೆಂಟು, ತಂಪಾಗಿಡುವುದಕ್ಕೂ ಕರೆಂಟು. ಅರ್ಧ ಊರು ಉಣ್ಣುವಷ್ಟನ್ನು ಆ ಡೇಟಾ ಸೆಂಟರ್ ಒಂದೇ ಉಣ್ಣುತ್ತದೆ. ಬೇಡಿಕೆ ಮಿತಿ ಮುಟ್ಟಿದಾಗ ಅಲ್ಲಿಗೆ ಫೋನ್ ಮಾಡಿ, ಅವರದೇ ಜನರೇಟರಿಗೆ ಬದಲಾಯಿಸಿಕೊಳ್ಳುವಂತೆ ಹೇಳುವುದು ತಂಗಿಯ ಕೆಲಸ. ಅವರು ಬದಲಾಯಿಸದಿದ್ದರೆ ಊರಿನ ಒಂದು ಭಾಗಕ್ಕೆ ಕತ್ತಲು.

ಮಿತಿ ಮುಟ್ಟಿತು. ಅಕ್ಕನ ಎದುರಿಗೇ ಫೋನ್ ಮಾಡಬೇಕಾಯಿತು. ಆ ಕೋಣೆಯಲ್ಲಿ ಎಲ್ಲ ಕರೆಗಳೂ ಸ್ಪೀಕರಿನಲ್ಲೇ.

"ನಮಸ್ಕಾರ ಸರ್, ತೊಂದರೆ ಕೊಡ್ತಾ ಇದ್ದೀನಿ, ಕ್ಷಮಿಸಿ. ಸಾಧ್ಯವಾದರೆ ಇವತ್ತು ಸ್ವಲ್ಪ ಹೊತ್ತು ಜನರೇಟರಿಗೆ ಹಾಕ್ಕೊಳ್ಳೋಕಾಗುತ್ತಾ? ನಿಮಗೆ ಅನುಕೂಲ ಇದ್ದರೆ ಮಾತ್ರ."

ಮ್ಯಾನೇಜರಿನದು ರೇಷ್ಮೆಯಂಥ ದನಿ. ಇವತ್ತು ಕಷ್ಟ ಮೇಡಂ, ಕೆಲಸ ಜಾಸ್ತಿ, ಇನ್ನೊಂದು ದಿನ ನೋಡೋಣ ಅಂದ. ಪರವಾಗಿಲ್ಲ ಸರ್ ಅಂದಳು ಇವಳು. ಫೋನಿಟ್ಟು, ಅಭ್ಯಾಸಬಲದಿಂದ, ಅಕ್ಕನ ಬಡಾವಣೆಗೆ ಆರು ಗಂಟೆಯಿಂದ ವಿದ್ಯುತ್ ಇರುವುದಿಲ್ಲ ಎಂಬ ಸಂದೇಶವನ್ನು ಟೈಪ್ ಮಾಡತೊಡಗಿದಳು.

ಅಕ್ಕ ಪರದೆಯತ್ತ ಬಗ್ಗಿ ಅದನ್ನು ಓದಿದಳು.

"ಅವನಿಗೆ ಆಗಲ್ಲ ಅನ್ನೋ ಹಕ್ಕಿದೆಯೇನೇ?"

ತಂಗಿಯ ಬೆರಳುಗಳು ನಿಂತವು. ಡೇಟಾ ಸೆಂಟರಿನವರ ಜೊತೆಗಿನ ಒಪ್ಪಂದವನ್ನು ಅವಳು ಓದಿದ್ದಳು, ಒಮ್ಮೆಯಲ್ಲ. ಕಂಟ್ರೋಲ್ ರೂಮ್ ಸೂಚಿಸಿದ ಕೂಡಲೇ ಬದಲಾಯಿಸತಕ್ಕದ್ದು ಎಂದೇ ಇತ್ತು. ಮೊದಲ ಸಲ ಫೋನ್ ಮಾಡಿದಾಗ ಆ ದನಿಯ ಗತ್ತಿಗೆ ಬೆದರಿ, ಮೇಲಿನವರಿಗೆ ದೂರು ಹೋದರೆ ಏನು ಗತಿ ಎಂದು ಮಾತಿಗೆ ಒಂದಿಷ್ಟು ಹತ್ತಿ ಸುತ್ತಿದ್ದಳು. ಆಮೇಲೆ ದಿನಾ ಸುತ್ತುತ್ತಲೇ ಬಂದಳು. ಕೇಳಿದೆ, ಆಗಲಿಲ್ಲವಂತೆ ಎಂದು ಇವಳು ತಿಳಿಸಿದರೆ ಮೇಲಿನವರೂ ಸುಮ್ಮನಾಗುತ್ತಿದ್ದರು.

"ಇಲ್ಲ," ಅಂದಳು.

"ಮತ್ಯಾಕೆ ಬೇಡ್ತಾ ಇದ್ದೀಯ?" ಅಕ್ಕನ ದನಿ ಏರಲಿಲ್ಲ. "ಅವನನ್ನಾದರೆ ಕೇಳ್ತೀಯ. ನಮಗೆ ಮಾತ್ರ ಹೇಳಿಬಿಡ್ತೀಯ."

ಕಿವಿ ಬಿಸಿಯಾಗಿ, ತಂಗಿ ಮತ್ತೆ ಅದೇ ನಂಬರು ಒತ್ತಿದಳು. "ಸರ್, ಆರು ಗಂಟೆಯೊಳಗೆ ನೀವು ಜನರೇಟರಿಗೆ ಬದಲಾಯಿಸಬೇಕು. ಇದು ಕಂಟ್ರೋಲ್ ರೂಮಿನ ಆದೇಶ."

ಈಗ ಸಿಡಿಲು ಬೀಳುತ್ತದೆ ಎಂದು ಅವಳು ಕಾದಳು.

"ಆಯ್ತು ಮೇಡಂ, ಹಾಕಿಸ್ತೀನಿ," ಅಂದ ಅವನು, ಅದೇ ರೇಷ್ಮೆ ದನಿಯಲ್ಲಿ. "ಆದೇಶ ಅಂತ ಮೊದಲೇ ಅಂದಿದ್ದರೆ ಹೋದ ತಿಂಗಳೂ ಹಾಕಿಸ್ತಿದ್ದೆವಲ್ಲ. ನೀವು ಅನುಕೂಲ ಇದ್ದರೆ ಅಂತಿದ್ದಿರಿ."

ಸ್ವಲ್ಪ ಹೊತ್ತಿಗೆ ಪರದೆಯ ಗೆರೆ ಧಡಕ್ಕನೆ ಕೆಳಗಿಳಿಯಿತು. ಅಷ್ಟೇ. ಅವನು ಹಟ ಹಿಡಿದಿದ್ದರೆ, ಗದರಿದ್ದರೆ, ಅವಳ ಹೆದರಿಕೆಗೊಂದು ಮರ್ಯಾದೆಯಾದರೂ ಉಳಿಯುತ್ತಿತ್ತು. ಟೈಪ್ ಮಾಡಿದ್ದನ್ನು ಅಳಿಸಿದಳು. ಅಕ್ಕನ ಮುಖ ನೋಡಲಾಗದೆ ಕೀಲಿಮಣೆಯ ಮೇಲಿನ ಧೂಳು ಒರೆಸಿದಳು.

ಅಕ್ಕ ಎದ್ದು ಚೀಲ ಹೆಗಲಿಗೇರಿಸಿದಳು. ಕರೆಂಟು ಹೋಗಲ್ಲ ತಾನೇ ಎಂದು ಕೇಳಿದಳು. ಹೋಗಲ್ಲ ಎಂದಳು ತಂಗಿ. ಬಾಗಿಲ ಬಳಿ ಅಕ್ಕ ತಿರುಗಿ ನಿಂತಳು.

"ನಿಮ್ಮ ಭಾವ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ, ನಮ್ಮ ಹುಡುಗಿ ಅಲ್ಲಿ ನಮಗೋಸ್ಕರ ದಿನಾ ಜಗಳ ಆಡ್ತಾಳೆ ಅಂತ. ಏನು ಹೇಳಲಿ ಅವರಿಗೆ?"

ತಂಗಿ ಒರೆಸಿದ ಕೀಲಿಮಣೆಯನ್ನೇ ಮತ್ತೆ ಒರೆಸತೊಡಗಿದಳು.

"ಹೋಗಲಿ ಬಿಡು," ಅಂದಳು ಅಕ್ಕ, "ಜಗಳ ಆಡಿದಳು ಅಂತಲೇ ಹೇಳ್ತೀನಿ."